ಕುಲಾವಿ ಹೊಲಿಯುವ ರಾಯರು

ನಮ್ಮ ಹಿರಿಯರು ವರ್ಷವನ್ನು ಆರು ಋತುಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಎರಡೆರಡು ಮಾಸಗಳನ್ನು ಸಮನಾಗಿ ಹಂಚಿಕೊಟ್ಟು ನಿಶ್ಚಿಂತರಾದರು. ಬೆಂಗಳೂರಿನ ಕಾಲ್ಚೆಂಡಿನ ಅಭಿಮಾನಿಗೆ ಇಷ್ಟೊಂದು ಋತುಗಳ ಆವಶ್ಯಕತೆಯಿಲ್ಲ. ಅವನಿಗೆ ಎರಡೇ ಸಾಕು. ಒಂದು, ತಂಡವು ಆಟ ಆಡುವ ಋತು. ಇನ್ನೊಂದು, ತಂಡವನ್ನು ಕುರಿತು ತಾನು ಮಾತು ಆಡುವ ಋತು. ಈ ಎರಡು ವ್ಯಾಪಾರಗಳಿಗೂ ಕನ್ನಡವು ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿರುವುದು ಶಬ್ದದಾರಿದ್ರ್ಯದಿಂದಲೆಂದು ನಾನು ಬಹುಕಾಲ ಭಾವಿಸಿದ್ದೆನು. ರಾಯರ ಪರಿಚಯವಾದ ಮೇಲೆ ಅದು ಭಾಷೆಯ ದೂರದೃಷ್ಟಿಯೆಂದು ಮನಗಂಡೆನು.

ರಾಯರು ಸಾರ್ವಜನಿಕ ಕ್ಷೇತ್ರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಅಂದಂದಿನ ಲೆಕ್ಕವನ್ನು ಅಂದಂದೇ ಪೈಸೆ ತಪ್ಪದಂತೆ ಮುಗಿಸಿ ನಿವೃತ್ತರಾದವರು. ಆಗಿಹೋದದ್ದರ ಲೆಕ್ಕವನ್ನು ಮಾತ್ರವೇ ಬರೆಯುತ್ತ ಕಳೆದ ಆಯುಸ್ಸಿಗೆ ಪ್ರಾಯಶ್ಚಿತ್ತವೋ ಎಂಬಂತೆ, ಈಗ ಅವರು ಆಗಬೇಕಾದದ್ದರ ಲೆಕ್ಕದಲ್ಲಿ ಮಾತ್ರವೇ ಆಸಕ್ತರು. ಕಂಠೀರವ ಕ್ರೀಡಾಂಗಣಕ್ಕೆ ಕೂಗಳತೆಯಲ್ಲಿರುವ ದರ್ಶಿನಿಯೊಂದರ ಮೂಲೆಯ ಉಕ್ಕಿನ ಮೇಜು, ಬೆಳಗಿನ ಏಳೂವರೆಯಿಂದ ಒಂಬತ್ತರವರೆಗೆ, ಅವರ ವ್ಯಾಸಪೀಠ. ಕುರ್ಚಿಗಳನ್ನಿಡದಿದ್ದರೆ ಗಿರಾಕಿಗಳು ಬೇಗ ತಿಂದು ಬೇಗ ಹೊರಡುವರೆಂದು ಆ ದರ್ಶಿನಿಯ ಮಾಲೀಕನು ಎಣಿಸಿದ್ದುದು ನ್ಯಾಯವೇ. ಆದರೆ ತೊಂಬತ್ತು ನಿಮಿಷ ಓಡುವವರ ವಿಷಯವನ್ನು ಮಾತನಾಡುವವರು ತೊಂಬತ್ತು ನಿಮಿಷ ನಿಲ್ಲಬಲ್ಲರೆಂಬುದನ್ನು ಆತನು ಎಣಿಸಿರಲಿಲ್ಲ.

ರಾಯರ ಪ್ರವಚನಕ್ಕೆ ನಿಶ್ಚಿತವಾದ ಒಂದು ಕ್ರಮವುಂಟು. ಮೊದಲು ಕಳೆದ ವರ್ಷಕ್ಕೆ ತರ್ಪಣವೆಂಬಂತೆ ಒಂದು ನಿಟ್ಟುಸಿರು. ಬಳಿಕ "ಆದರೆ ಈ ಸಲ ನೋಡಿ ಸಾರ್" ಎಂಬ ಸಂಕಲ್ಪ. ಅನಂತರ ಗೋಲಿಯಿಂದ ಮೊದಲುಗೊಂಡು ಮುಂಚೂಣಿಯವರೆಗೆ ಹನ್ನೊಂದು ಮಂದಿಯ ಗುಣದೋಷ ವಿಮರ್ಶೆ. ಕಟ್ಟಕಡೆಗೆ "ಬರೆದಿಟ್ಟುಕೊಳ್ಳಿ" ಎಂಬ ಫಲಶ್ರುತಿ. ಒಂದು ವರ್ಷ ನಾನು ಸರಳಹೃದಯದಿಂದ ಅವರ ಮಾತನ್ನು ನಿಜವಾಗಿಯೂ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಋತು ಮುಗಿದ ಮೇಲೆ ಅವರ ಮುಂದೆ ತೆರೆದು ತೋರಿಸಿದೆನು. ರಾಯರ ಮುಖ ಸಾಲಪತ್ರ ಕಂಡವರ ಮುಖದಂತಾಯಿತು. "ಬರೆದಿಟ್ಕೊಳಿ ಅಂದ್ರೆ ಬರೆದೇ ಬಿಡೋದಾ ಸಾರ್?" ಎಂದು ಅವರು ಕೇಳಿದ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ, ಸಭ್ಯನೆಂದು ನಂಬಿದವನೊಬ್ಬನು ಹೀಗೆ ಮಾಡಿದನಲ್ಲಾ ಎಂಬ ವ್ಯಥೆಯಿದ್ದಿತು.

ಅವರ ಶಾಸ್ತ್ರದ ಪ್ರತ್ಯಕ್ಷ ಪ್ರಯೋಗವನ್ನು ನಾನು ನೋಡಿದುದು 2025ರ ಏಪ್ರಿಲ್ ತಿಂಗಳಿನಲ್ಲಿ. ಆ ತಿಂಗಳ 12ರಂದು ಕಲ್ಕತ್ತೆಯ ಸಾಲ್ಟ್ ಲೇಕ್ ಮೈದಾನದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಎಫ್.ಸಿ. ತಂಡವು ಮೊದಲು ಮುಂದಿದ್ದು, ಆಮೇಲೆ ಸಮವಾಗಿ, ಕೊನೆಗೆ ಹೆಚ್ಚುವರಿ ಕಾಲದಲ್ಲಿ ಮೋಹನ್ ಬಾಗಾನಿಗೆ 2-1ರಿಂದ ಸೋತಿದ್ದಿತು. ಸೂತಕದ ಮನೆಗೆ ಹೋಗುವವನಂತೆ ಮೆಲ್ಲಗೆ ಹೆಜ್ಜೆಯಿಡುತ್ತ ನಾನು ದರ್ಶಿನಿಗೆ ಹೋದರೆ, ರಾಯರು ಅದಾಗಲೇ ಮುಂದಿನ ವರ್ಷದ ತಂಡವನ್ನು ಮೇಜಿನ ಮೇಲೆ ಹೂಡಿದ್ದರು. ಎರಡು ಇಡ್ಲಿಗಳು ಎಡಬಲದ ಬ್ಯಾಕುಗಳಾಗಿ ನಿಂತಿದ್ದುವು, ಚಟ್ನಿಯ ಬಟ್ಟಲು ಗೋಲಿಯ ಸ್ಥಾನವನ್ನು ಅಲಂಕರಿಸಿದ್ದಿತು, ಉದ್ದಿನವಡೆಯನ್ನು ಮಧ್ಯರಂಗದಲ್ಲಿಟ್ಟು, "ನಮ್ಮ ದೋಷ ಎಲ್ಲಿದೆ ಅಂತೀರಾ? ಇಲ್ಲಿ" ಎಂದು ಅದರ ತೂತಿನಲ್ಲಿ ಬೆರಳಿಟ್ಟು ತೋರಿಸಿದರು. ಎಲ್ಲಕ್ಕಿಂತ ಮುಂದೆ ಕಾಫಿಯ ಲೋಟ. ಅದೇ ಸುನಿಲ್ ಛೇತ್ರಿ. ಏಕೆಂದರೆ ಮುಗಿದುಹೋಯಿತೆಂದು ಎಲ್ಲರೂ ತಿಳಿದ ಮೇಲೂ ಅದರ ತಳದಲ್ಲಿ ಒಂದು ಗುಟುಕು ಇದ್ದೇ ಇರುವುದು. ಈ ಉಪಮೆಯನ್ನು ನಾನು ಅಲ್ಲಗಳೆಯಲಾರೆನು: 2024ರ ಜೂನ್ 6ರಂದು ರಾಷ್ಟ್ರದ ತಂಡಕ್ಕೆ ಕಣ್ಣೀರಿನ ವಿದಾಯ ಹೇಳಿದ ಆ ಮಹಾಶಯನು, ನಾಲ್ವತ್ತು ತುಂಬಿದ ಮೇಲೆ ಅದೇ ಲೀಗಿನಲ್ಲಿ 14 ಗೋಲು ಹೊಡೆದು, ಮರುವರ್ಷದ ಮಾರ್ಚಿನಲ್ಲಿ ರಾಷ್ಟ್ರದ ತಂಡಕ್ಕೂ ಮರಳಿದ್ದನು.

ಅಷ್ಟರಲ್ಲಿ ಒಂದು ಅನರ್ಥ ಸಂಭವಿಸಿತು. ರಾಯರ ಶಿಷ್ಯನೂ ಪ್ರತಿಪಕ್ಷಿಯೂ ಆದ ತರುಣನೊಬ್ಬನು, ಲ್ಯಾಪ್‌ಟಾಪಿನ ಚೀಲವನ್ನು ಬೆನ್ನಿಗೇರಿಸಿಕೊಂಡೇ ನಿಂತಿದ್ದವನು, ಮಾತಿನ ಭರದಲ್ಲಿ ಎಡಗಡೆಯ ಇಡ್ಲಿಯನ್ನು ಮುರಿದು ಸಾಂಬಾರಿನಲ್ಲಿ ಅದ್ದಿಬಿಟ್ಟನು. "ಅಯ್ಯೋ, ಲೆಫ್ಟ್ ಬ್ಯಾಕನ್ನೇ ತಿಂದ್ಬಿಟ್ಯಲ್ಲಪ್ಪಾ!" ಎಂದು ರಾಯರು ಕೂಗಿಕೊಂಡರು. ಆ ನಷ್ಟವನ್ನು ಸಕ್ಕರೆಯ ಪೊಟ್ಟಣದಿಂದ ತುಂಬಲು ಅವರು ಯತ್ನಿಸುತ್ತಿದ್ದಾಗಲೇ, ಮೇಜು ಒರೆಸುವ ಹುಡುಗನು ತನ್ನ ಒದ್ದೆಬಟ್ಟೆಯೊಡನೆ ಬಂದು, ಒಂದೇ ಬೀಸಿನಲ್ಲಿ ಇಡೀ ರಕ್ಷಣಾಪಂಕ್ತಿಯನ್ನು ತಟ್ಟೆಗೆ ತಳ್ಳಿ ತೆಗೆದುಕೊಂಡು ಹೋದನು. ಲೀಗಿನಲ್ಲಿ ಡಿಸೆಂಬರ್ ತಿಂಗಳು ಮಾಡುವ ಕೆಲಸವನ್ನು ಆ ಹುಡುಗನು ಅರ್ಧ ನಿಮಿಷದಲ್ಲಿ ಮಾಡಿ ಮುಗಿಸಿದ್ದನು.

ಈ ತರುಣನ ವಿಷಯವಾಗಿ ಎರಡು ಮಾತು ಹೇಳಬೇಕು. ಅವನ ಧರ್ಮ ಅಂಕಿಗಳ ಧರ್ಮ. ಪಂದ್ಯದಲ್ಲಿ ಹೊಡೆದ ಗೋಲುಗಳಲ್ಲಿ ಅವನಿಗೆ ಅಷ್ಟಾಗಿ ಆದರವಿಲ್ಲ; ಹೊಡೆಯಬೇಕಾಗಿದ್ದ ಗೋಲುಗಳಲ್ಲಿ ಅಪಾರವಾದ ಆದರ. "ಅಂಕಲ್, ಆ ಮ್ಯಾಚಲ್ಲಿ ನಾವು ಒಂದು ಪಾಯಿಂಟ್ ಏಳು ಗೋಲು ಹೊಡೀಬೇಕಿತ್ತು" ಎಂದು ಅವನು ಹೇಳಿದಾಗ, ಮೂವತ್ತನಾಲ್ಕು ವರ್ಷ ಲೆಕ್ಕ ಬರೆದ ರಾಯರು ಕನ್ನಡಕವನ್ನು ಹಣೆಗೇರಿಸಿ, "ಹನ್ನೊಂದಾಣೆ ಗೋಲು ಹೊಡೆದವರನ್ನ ನಾನಂತೂ ಕಂಡಿಲ್ಲಪ್ಪ, ಆ ಮಿಕ್ಕ ಐದಾಣೆ ಯಾರ ಖಾತೆಗೆ ಹೋಯ್ತು?" ಎಂದು ವಿಚಾರಿಸಿದರು. ತರುಣನು ಆಣೆಯೆಂದರೇನೆಂದು ಕೇಳಿದನು. ಆ ದಿನದ ಚರ್ಚೆ ಅಲ್ಲಿಂದ ನಾಣ್ಯಶಾಸ್ತ್ರದ ಕಡೆಗೆ ಹೊರಳಿತು.

ಮೂರನೆಯವರು ಹಲಸೂರಿನ ತಾತ. ಅವರಿಗೆ ಬರುವ ವರ್ಷದಲ್ಲಿ ನಂಬಿಕೆಯಿಲ್ಲ, ಕಳೆದ ವರ್ಷದಲ್ಲಿಯೂ ಇಲ್ಲ. ಅವರ ಕಾಲಗಣನೆ 1937ರಿಂದ ಆರಂಭವಾಗುತ್ತದೆ. ಆ ವರ್ಷವೂ ಮರುವರ್ಷವೂ ಬೆಂಗಳೂರು ಮುಸ್ಲಿಮ್ಸ್ ತಂಡದವರು ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು ತಂದ ಕಥೆಯನ್ನು, ತಮ್ಮ ತಂದೆ ಕಂಡುದನ್ನೆಲ್ಲ ತಾವೇ ಕಂಡಂತೆ, ಅವರು ಬಣ್ಣಿಸುವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿದ ನಮ್ಮವರು ಫ್ರಾನ್ಸಿಗೆ 2-1ರಿಂದ ಸೋತಾಗ, ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನ ರಾಮನ್ ಎಂಬುದನ್ನೂ, ಈಸ್ಟ್ ಬೆಂಗಾಲಿನ ಪಂಚಪಾಂಡವರೆಂದು ಹೆಸರಾದ ಐವರಲ್ಲಿ ನಮ್ಮೂರಿನ ಅಹಮದ್ ಖಾನನು ಒಬ್ಬನೆಂಬುದನ್ನೂ ಹೇಳಿ, "ಕಾಲಿಗೆ ಬೂಟು ಬಂತು ಸ್ವಾಮೀ, ಆಟ ಹೋಯ್ತು" ಎಂದು ಉಪಸಂಹಾರ ಮಾಡುವರು. ರಾಯರು ಕಪ್ಪಿಗಾಗಿ ತಡವಾಯಿತೆಂದು ಗೊಣಗಿದಾಗಲೆಲ್ಲ ತಾತನ ಬಳಿ ಒಂದು ಬ್ರಹ್ಮಾಸ್ತ್ರವಿದ್ದಿತು. 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ನಮ್ಮ ರಾಜ್ಯವು ಅದನ್ನು ಮತ್ತೆ ಮುಟ್ಟಿದುದು 2023ರ ಮಾರ್ಚಿನಲ್ಲಿ, ಅದೂ ಸೌದಿ ಅರೇಬಿಯದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. "ಐವತ್ನಾಲ್ಕು ವರ್ಷ ಕಾದೋರ ಮುಂದೆ ಆರು ವರ್ಷದ ಅಳುವೇ ರಾಯರೇ?" ಎಂದು ಅವರು ಕೇಳಿದರೆ ರಾಯರು ಕಾಫಿಯನ್ನು ನೋಡುತ್ತ ನಿಲ್ಲುವರು.

ಆರು ವರ್ಷವೆಂಬ ಆ ಲೆಕ್ಕಕ್ಕೂ ಒಂದು ಹಿನ್ನೆಲೆಯಿದೆ. 2013ರಲ್ಲಿ ಹುಟ್ಟಿದ ಕ್ಲಬ್ಬು ತನ್ನ ಮೊದಲ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದಿತು. 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೂ ಹೋಗಿ, ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ತೊಟ್ಟಿಲಿನಲ್ಲಿಯೇ ಸಿಂಹಾಸನವನ್ನು ಕಂಡ ಕೂಸಿನ ಪೋಷಕರಿಗೆ ಮುಂದೆ ಯಾವ ದರ್ಜೆಯೂ ತೃಪ್ತಿ ಕೊಡದಿರುವುದು ಸಹಜ. 2018ರ ಮಾರ್ಚ್ 17ರಂದು, ಸೂಪರ್ ಲೀಗಿನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ತಂಡವು, ತನ್ನದೇ ಕಂಠೀರವದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ, ಚೆನ್ನೈಯಿನ್‌ಗೆ 3-2ರಿಂದ ಸೋತಿತು. ಮರುವರ್ಷ, ಸರಿಯಾಗಿ ಅದೇ ಮಾರ್ಚ್ 17ರಂದು, ಮುಂಬಯಿಯಲ್ಲಿ, 117ನೆಯ ನಿಮಿಷದಲ್ಲಿ ರಾಹುಲ್ ಭೆಕೆಯ ತಲೆಗೆ ಚೆಂಡು ತಾಗಿ, ಗೋವೆಯ ಮೇಲೆ 1-0ಯಿಂದ ಗೆದ್ದು ಕಪ್ಪನ್ನೆತ್ತಿತು. ಆ ವರ್ಷ ರಾಯರ ಭವಿಷ್ಯವೂ ಫಲಿಸಿತು. ಪ್ರತಿವರ್ಷವೂ ತಮ್ಮ ತಂಡವೇ ಗೆಲ್ಲುವುದೆಂದು ಹೇಳುವವರ ಮಾತು ಒಂದು ವರ್ಷ ನಿಜವಾಗುವುದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಎಂದು ತರುಣನು ಆಕ್ಷೇಪಿಸಿದನಾದರೂ, ರಾಯರು ಅದನ್ನು ಗಣಿಸಲಿಲ್ಲ. ಕಾಗೆ ಕೂರುವ ಕೊಂಬೆ ಯಾವುದೆಂದು ಮೊದಲೇ ಹೇಳಿದವನಿಗೂ ಒಂದಿಷ್ಟು ಮರ್ಯಾದೆ ಸಲ್ಲಬೇಕೆಂಬುದು ಅವರ ವಾದ.

ಅವರ ಭವಿಷ್ಯಗಳು ಸುಳ್ಳಾಗುವುದು ಅಷ್ಟು ಸುಲಭವೂ ಅಲ್ಲ. ಪ್ರತಿಯೊಂದಕ್ಕೂ ಅವರು, ಹಳೆಯ ಕಾಲದ ದಾನಪತ್ರಗಳ ಕೊನೆಯಲ್ಲಿ ಶಾಪವಾಕ್ಯಗಳನ್ನು ಕೆತ್ತಿಸುತ್ತಿದ್ದಂತೆ, ಒಂದು ಸಾಲು ಷರತ್ತುಗಳನ್ನು ಸೇರಿಸುವರು: ಯಾರ ಮಂಡಿಯೂ ಉಳುಕದಿದ್ದರೆ, ಸ್ಪೇನಿನಿಂದ ಬರುವವನಿಗೆ ನಮ್ಮ ನೀರು ಒಗ್ಗಿದರೆ, ರೆಫ್ರಿಗೆ ಎರಡು ಕಣ್ಣೂ ಇದ್ದರೆ. 2022-23ರಲ್ಲಿ ತಂಡವು ಪಟ್ಟಿಯ ಕೆಳಭಾಗದಲ್ಲಿ ತೊಳಲುತ್ತಿದ್ದಾಗ, "ಮುಗೀತು ಸಾರ್, ಈ ವರ್ಷಕ್ಕೆ ಎಳ್ಳುನೀರು" ಎಂದು ಕೈತೊಳೆದುಕೊಂಡವರು ರಾಯರೇ. ತಂಡವು ಲೀಗಿನಲ್ಲಿ ಸತತವಾಗಿ ಎಂಟು ಪಂದ್ಯಗಳನ್ನು ಗೆದ್ದು, ಕೇರಳದವರು ಛೇತ್ರಿಯ ಫ್ರೀ ಕಿಕ್ಕಿನ ಗೋಲಿಗೆ ಮುನಿದು ಮೈದಾನದಿಂದ ಹೊರನಡೆದ ಆ ವಿಚಿತ್ರ ಪಂದ್ಯವನ್ನೂ ದಾಟಿ, ಅಂತಿಮ ಪಂದ್ಯಕ್ಕೇರಿದಾಗ, "ಎಳ್ಳುನೀರು ಬಿಟ್ಟಮೇಲೇ ಅಲ್ವೇ ಸಾರ್ ಪಿತೃಗಳು ತೃಪ್ತರಾಗೋದು?" ಎಂದವರೂ ರಾಯರೇ. ಅದರ ಮರುವರ್ಷ ತಂಡವು ಹತ್ತನೆಯ ಸ್ಥಾನದಲ್ಲಿ ನಿಂತಿತು. ಆ ವಿಷಯದಲ್ಲಿ ಅವರು ಏನು ಹೇಳಿದ್ದರೆಂಬುದನ್ನು ನನ್ನ ಪುಟ್ಟ ಪುಸ್ತಕ ಬಲ್ಲುದು. ಸ್ನೇಹಧರ್ಮಕ್ಕಾಗಿ ನಾನು ಅದನ್ನು ಮುಚ್ಚಿಟ್ಟಿದ್ದೇನೆ.

ಹೀಗಿರಲು 2025ರ ಜುಲೈ ತಿಂಗಳಿನಲ್ಲಿ, ಭವಿಷ್ಯವಾದಿಗಳ ಇತಿಹಾಸದಲ್ಲಿಯೇ ಅಪೂರ್ವವಾದ ಒಂದು ಸಂಕಟ ಒದಗಿತು. ಲೀಗನ್ನು ನಡೆಸುವ ಒಪ್ಪಂದದ ಹದಿನೈದು ವರ್ಷಗಳ ಅವಧಿಯು ಡಿಸೆಂಬರಿಗೆ ಮುಗಿಯಲಿದ್ದು, ಮುಂದೇನೆಂಬುದು ಇತ್ಯರ್ಥವಾಗದಿದ್ದುದರಿಂದ, ಹೊಸ ಋತುವನ್ನು ತಡೆಹಿಡಿಯಲಾಗಿದೆಯೆಂಬ ಸುದ್ದಿ ಬಂದಿತು. ಆಗಸ್ಟಿನಲ್ಲಿ ನಮ್ಮ ಕ್ಲಬ್ಬೇ ಮೊದಲ ತಂಡದವರ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ವ್ಯವಹಾರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ ನಿಂತಿತು. ತಂಡವು ಈ ಋತುವಿನಲ್ಲಿ ಎಷ್ಟನೆಯದಾಗುವುದೆಂಬ ಪ್ರಶ್ನೆ ಹಿಂದೆ ಸರಿದು, ಋತುವೆಂಬುದು ಉಂಟೋ ಇಲ್ಲವೋ ಎಂಬ ಪ್ರಶ್ನೆ ಮುಂದೆ ಬಂದಿತು. ವರನ ಜಾತಕವನ್ನು ಹರಡಿಕೊಂಡು ಕುಳಿತವರಿಗೆ ವರನೇ ಹುಟ್ಟಿಲ್ಲವೆಂದು ಯಾರೋ ಬಂದು ಹೇಳಿದಂತಾಯಿತು.

ಇನ್ನು ಆ ಮೂಲೆಯ ಮೇಜು ಬರಿದಾಗಿರುವುದೆಂದು ನಾನು ಊಹಿಸಿದ್ದೆನು. ಹೋಗಿ ನೋಡಿದರೆ, ಅಂತಹ ಉಜ್ಜ್ವಲವಾದ ಚರ್ಚೆಯನ್ನು ನಾನು ಅಲ್ಲಿ ಎಂದೂ ಕೇಳಿರಲಿಲ್ಲ. ತರುಣನು ನಾಸ್ತಿಕಪಕ್ಷವನ್ನು ಹಿಡಿದು, ಲೀಗು ಇಲ್ಲವೆಂದು ಅಂಕಿಸಹಿತವಾಗಿ ಸಾಧಿಸುತ್ತಿದ್ದನು. ತಾತನು, ತಾವು ನಂಬುವ ಆಟ ನಿಂತುಹೋಗಿ ಎಪ್ಪತ್ತು ವರ್ಷಗಳಾದುದರಿಂದ ಇದರಲ್ಲಿ ಹೊಸದೇನೂ ಇಲ್ಲವೆಂದು, ಅದ್ವೈತಿಗಳ ನಗುವನ್ನು ನಗುತ್ತಿದ್ದರು. ರಾಯರು, ಇಲ್ಲದ ಋತುವಿನ ನಾಲ್ಕನೆಯ ಪಂದ್ಯದಲ್ಲಿ, ಸಂಬಳವಿಲ್ಲದ ತಂಡದ ಎಡಗಡೆಯ ಬ್ಯಾಕಿನಿಂದ ಆಗಬಹುದಾದ ಪ್ರಮಾದವನ್ನು ಕುರಿತು ವಡೆಯ ಸಾಕ್ಷಿಯಲ್ಲಿ ಎಚ್ಚರಿಸುತ್ತಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನಮ್ಮ ಜನ ಹಾಸ್ಯ ಮಾಡುವರು. ಕೂಸು ಹುಟ್ಟುವುದೇ ಸಂದೇಹವೆಂದು ವೈದ್ಯರು ಹೇಳಿದ ಮೇಲೂ ಕುಲಾವಿಗೆ ಜರಿಯ ಅಂಚು ಹಾಕುವವರನ್ನು ಹಾಸ್ಯ ಮಾಡಲು ನನಗೆ ಬಾಯಿ ಬರಲಿಲ್ಲ; ಹೊಲಿಗೆ ಅಷ್ಟು ಚೆನ್ನಾಗಿದ್ದಿತು.

ಆ ಮಳೆಗಾಲ, ಆ ಚಳಿಗಾಲ ಹೀಗೆಯೇ ಕಳೆದುವು. ತಂಡವು ಲೀಗಿನಲ್ಲಿ ಆಡಲಿಲ್ಲ; ಆದುದರಿಂದ ಮೇಜಿನ ಸುತ್ತಲಿನ ಮೂವರೂ ತಂಡದ ಪಾಲಿನದನ್ನೂ ಸೇರಿಸಿ ಆಡಿದರು. ಕಡೆಗೆ ಒಂದು ಬೆಳಿಗ್ಗೆ ತರುಣನು ಏದುಸಿರು ಬಿಡುತ್ತ ಬಂದು, ಎಲ್ಲವೂ ಬಗೆಹರಿಯಿತೆಂದೂ, ಫೆಬ್ರವರಿಯಲ್ಲಿ ಲೀಗು ಆರಂಭವಾಗುವುದೆಂದೂ ಮೊಬೈಲನ್ನು ಎತ್ತಿ ತೋರಿಸಿದನು. ರಾಯರು ಹರ್ಷದಿಂದ ಕುಣಿಯುವರೆಂದು ನಾನು ನಿರೀಕ್ಷಿಸಿದೆನು. ಅವರು ಮೊಬೈಲನ್ನು ಬಹಳ ಹೊತ್ತು ನೋಡಿ, ಹಿಂದಕ್ಕೆ ಕೊಟ್ಟು, ಕನ್ನಡಕವನ್ನು ಒರೆಸಿಕೊಂಡರು.

"ಏಪ್ರಿಲ್‌ನಿಂದ ಲೀಗಲ್ಲಿ ಒಂದು ಮ್ಯಾಚೂ ಸೋತಿರ್ಲಿಲ್ಲ ಸಾರ್," ಎಂದರು ಮೆಲ್ಲಗೆ. "ಇನ್ನು ಆಡ್ಬೇಕಲ್ಲ."

ಮೇಜು ಒರೆಸುವ ಹುಡುಗನು ದೂರದಿಂದ ಒದ್ದೆಬಟ್ಟೆ ಹಿಡಿದು ಬರುತ್ತಿದ್ದನು. ರಾಯರು ಅವನ ಕಡೆಗೊಮ್ಮೆ ನೋಡಿ, ಎಡಗಡೆಯ ಇಡ್ಲಿಯನ್ನು ಅಂಗೈಯಿಂದ ಮರೆಮಾಡಿಕೊಂಡು, "ಆದರೆ ಈ ಸಲ ನೋಡಿ ಸಾರ್" ಎಂದು ಆರಂಭಿಸಿದರು.