ನಂದಿಯವರೆಗೆ ಹೊತ್ತು ನೋಡಲಿ

ಅಕ್ಕ, ಒಂದು ನಿಮಿಷ ಕಾಂಪೌಂಡ್ ಹತ್ತಿರ ಬನ್ನಿ. ನಿಮ್ಮ ಹಾಲ್‌ನಲ್ಲಿ ಹರಡಿರುವ ಸಾಮಾನೆಲ್ಲ ನಮ್ಮ ಅಡುಗೆಮನೆ ಕಿಟಕಿಗೆ ಕಾಣುತ್ತಿದೆ. ಮಗಳು ಆರು ತಿಂಗಳಿಗೆ ಹೊರಟಿದ್ದಾಳೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಆಮೇಲೆ ಸಿಂಗಪುರ, ಕೊನೆಗೆ ನ್ಯೂಜಿಲೆಂಡ್; ಬೆನ್ನಿಗೊಂದು ಬ್ಯಾಗ್, ಒಬ್ಬಳೇ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೀವು ಇಡುವ ಒಂದೊಂದು ಡಬ್ಬಿಯನ್ನೂ ಅಷ್ಟು ದಿನ ಹೊರುವವಳು ಅವಳು. ಅದಕ್ಕೇ ಕರೆದೆ.

ಮೊದಲು ಬಟ್ಟೆ. ಆರು ದಿನಕ್ಕೆ ಹೋದರೂ ಆರು ತಿಂಗಳಿಗೆ ಹೋದರೂ ಬೇಕಾಗುವುದು ಹೆಚ್ಚೆಂದರೆ ಒಂದು ವಾರದ ಬಟ್ಟೆ. ಅಲ್ಲೂ ನಲ್ಲಿ ಇದೆ, ಸೋಪು ಸಿಗುತ್ತದೆ, ರಾತ್ರಿ ಒಗೆದು ಹರವಿಕೊಳ್ಳುತ್ತಾಳೆ. ಬೇಗ ಒಣಗುವಂಥದ್ದಾಗಿರಬೇಕು, ಅಷ್ಟೆ. ಆ ಜೀನ್ಸ್ ತೆಗೆದುಬಿಡಿ. ಆ ಕಡೆಯ ಮಳೆಗಾಲದಲ್ಲಿ ಒಮ್ಮೆ ನೆನೆದರೆ ಎರಡು ದಿನವಾದರೂ ಒಣಗುವುದಿಲ್ಲ, ತೂಕ ಬೇರೆ. ತೆಳು ಪ್ಯಾಂಟ್ ಎರಡು ಸಾಕು. ನ್ಯೂಜಿಲೆಂಡಿನ ಚಳಿಗೆ ಅಂತ ಈಗಿನಿಂದಲೇ ದಪ್ಪ ಕೋಟು ಹೊರುವುದು ಯಾಕೆ? ಒಳಗೊಂದು ಥರ್ಮಲ್, ಅದರ ಮೇಲೆ ತೆಳು ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಒಂದರ ಮೇಲೊಂದು ಹಾಕಿಕೊಂಡರೆ ಬೆಚ್ಚಗಿರುತ್ತದೆ, ಸೆಕೆಯಾದರೆ ಒಂದೊಂದೇ ತೆಗೆಯಬಹುದು.

ಆ ದಪ್ಪ ಟರ್ಕಿ ಟವೆಲ್ ಮನೆಯಲ್ಲೇ ಇರಲಿ. ಅದರ ಬದಲು ನಿಮ್ಮ ಯಜಮಾನರದು ಹಳೆಯ ಬಿಳಿ ಪಂಚೆ ಇದ್ದರೆ ಕೊಡಿ. ಇದೊಂದನ್ನು ಮಾತ್ರ ನಾನು ಒತ್ತಾಯ ಮಾಡಿ ಹೇಳುತ್ತೇನೆ. ಒಗೆದು ಒಗೆದು ಮೆತ್ತಗಾದ ಪಂಚೆ, ಮಡಿಸಿದರೆ ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಸ್ನಾನವಾದ ಮೇಲೆ ಮೈ ಒರೆಸಲು ಅದೇ, ಹಾಸ್ಟೆಲಿನ ಹಾಸಿಗೆ ಸರಿಯಿಲ್ಲದಿದ್ದರೆ ಮೇಲೆ ಹಾಸಲು ಅದೇ. ಎಂಟು ಜನ ಮಲಗುವ ಕೋಣೆಯಲ್ಲಿ ಕೆಳಗಿನ ಮಂಚ ಸಿಕ್ಕಿದರೆ, ಮೇಲಿನ ಮಂಚದ ಅಂಚಿಗೆ ತುದಿ ಸಿಕ್ಕಿಸಿ ಇಳಿಬಿಟ್ಟರೆ ಪರದೆಯಾಯಿತು. ಥಾಯ್ಲೆಂಡ್, ಲಾವೋಸಿನ ಬೌದ್ಧ ದೇವಾಲಯಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು; ಸೊಂಟಕ್ಕೆ ಸುತ್ತಿಕೊಂಡು ಒಳಗೆ ಹೋಗಬಹುದು. ರಾತ್ರಿ ಫ್ಯಾನಿನ ಕೆಳಗೆ ಹರವಿದರೆ ಬೆಳಿಗ್ಗೆಗೆ ಒಣಗಿರುತ್ತದೆ.

ಇನ್ನು ನಿಮ್ಮ ಡಬ್ಬಿಗಳು. ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ಒಂದು ಕೇಳುತ್ತೇನೆ: ಸಾಗು ಪುಡಿಗೆ ಗಸಗಸೆ ಹಾಕಿದ್ದೀರಾ? ಹಾಕಿದ್ದರೆ ದಯವಿಟ್ಟು ಕಳಿಸಬೇಡಿ. ನಾವು ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಸಿಂಗಪುರದಲ್ಲಿ ನಿಷಿದ್ಧ, ದುಬೈ ಕಡೆಯೂ ಹಾಗೆಯೇ. ಅಫೀಮಿನ ಗಿಡದ ಬೀಜ ಅಂತ ಕಾನೂನು ಬಿಗಿಯಾಗಿದೆ. ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದ್ದರೂ ಅದೇ ಫಜೀತಿ. ಪುಳಿಯೋಗರೆ ಗೊಜ್ಜನ್ನು ವಿಮಾನದೊಳಗೆ ಕೈಚೀಲದಲ್ಲಿ ಒಯ್ಯುವುದಾದರೆ ಅದೂ ದ್ರವದ ಲೆಕ್ಕವೇ, 100 ಮಿಲಿಲೀಟರ್ ದಾಟಿದರೆ ತೆಗೆದಿಟ್ಟುಕೊಳ್ಳುತ್ತಾರೆ. ಕೊಬ್ಬರಿ ಹಾಕಿದ ಚಟ್ನಿಪುಡಿ ಆ ಸೆಕೆಗೆ ಬೇಗ ಕನರುತ್ತದೆ. ಕೊಬ್ಬರಿ ಇಲ್ಲದೆ ಹುರಿಗಡಲೆಯದು ಮಾಡಿ, ಕಾಲು ಕೆ.ಜಿ. ಸಾಕು. ಮೊದಲ ತಿಂಗಳು ಅನ್ನ ಸಿಕ್ಕಿದ ಕಡೆ ಕಲಸಿಕೊಂಡು ತಿನ್ನಲಿ, ಆಮೇಲೆ ಅಲ್ಲಿಯ ಊಟವೇ ಅಭ್ಯಾಸವಾಗುತ್ತದೆ. ನ್ಯೂಜಿಲೆಂಡ್ ಹೊತ್ತಿಗೆ ಅದು ಮುಗಿದಿರಲಿ. ಉಳಿದಿದ್ದರೆ ಇಳಿಯುವಾಗ ಫಾರ್ಮಿನಲ್ಲಿ ಬರೆಯಲೇಬೇಕು. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ ಅವರ ದುಡ್ಡಿನಲ್ಲಿ 400 ಡಾಲರ್ ದಂಡ. ಬೆಟ್ಟ ಹತ್ತುವ ಶೂ ಇದ್ದರೆ ಅದನ್ನೂ ಬರೆಯಬೇಕು, ತಳದಲ್ಲಿ ಬೇರೆ ದೇಶದ ಮಣ್ಣು ಅಂಟಿರಬಾರದು ಅಂತ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದುಕೊಂಡೇ ಹೋಗಲಿ.

ಕಾಗದಪತ್ರ ಅವಳೇ ನೋಡಿಕೊಂಡಿದ್ದಾಳೆ ಬಿಡಿ.  ಪಾಸ್‌ಪೋರ್ಟಿಗೆ ಮಾತ್ರ ಇನ್ನೂ ಕನಿಷ್ಠ ಆರು ತಿಂಗಳ ವಾಯಿದೆ ಇರಬೇಕು. ಹೊರಡುವ ದಿನಕ್ಕಲ್ಲ, ಕೊನೆಯ ದೇಶಕ್ಕೆ ಕಾಲಿಡುವ ದಿನಕ್ಕೆ ಲೆಕ್ಕ ಹಾಕಿ. ನಕಲು ಒಂದು ನಿಮ್ಮ ಹತ್ತಿರ ಇರಲಿ. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್ಪಿನಲ್ಲೇ ಇಟ್ಟು ಡಾಕ್ಟರ ಚೀಟಿ ಜೊತೆಗಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಿದರೆ ತೆಗೆಸುತ್ತಾರೆ.

ಇಷ್ಟರಲ್ಲಿ ಹೇಗೆ ಬದುಕುತ್ತಾಳೆ ಅಂತ ಕೇಳುತ್ತೀರಿ. ನಮ್ಮ ಮೈಸೂರಿನ ಡಿ. ಕೃಷ್ಣಕುಮಾರ್ ಅವರನ್ನು ನೆನೆಸಿಕೊಳ್ಳಿ. ಕೆಲಸ ಬಿಟ್ಟು 2018ರ ಜನವರಿಯಲ್ಲಿ ತಾಯಿ ಚೂಡಾರತ್ನ ಅವರನ್ನು ತಂದೆಯ ಕಾಲದ ಬಜಾಜ್ ಚೇತಕ್ ಮೇಲೆ ಕೂರಿಸಿಕೊಂಡು ಹೊರಟವರು. ಮನೆಕೆಲಸದಲ್ಲೇ ಆಯುಸ್ಸು ಕಳೆದ ಆ ತಾಯಿ ಹಂಪಿಯನ್ನೂ ನೋಡಿರಲಿಲ್ಲ. ದೇಶ ಸುತ್ತಿ, ನೇಪಾಳ, ಭೂತಾನ್, ಮ್ಯಾನ್ಮಾರ್‌ವರೆಗೆ ಹೋಗಿಬಂದರು. ಇಬ್ಬರು ಕೂತ ಮೇಲೆ ಒಂದು ಚೇತಕ್ಕಿನಲ್ಲಿ ಎಷ್ಟು ಜಾಗ ಉಳಿದೀತು, ಹೇಳಿ? ಎಪ್ಪತ್ತರ ಆಸುಪಾಸಿನ ಆ ತಾಯಿಗೆ ಅಷ್ಟು ಸಾಮಾನಿನಲ್ಲಿ ವರ್ಷಗಟ್ಟಲೆ ನಡೆದಿದೆ. ಇಪ್ಪತ್ತನಾಲ್ಕರ ನಿಮ್ಮ ಮಗಳಿಗೆ ನಡೆಯದೇ ಇರುತ್ತದೆಯೇ? ಅವರ ವಿಷಯ ಓದಿದಾಗಿನಿಂದ ನನಗೆ ಆ ತಾಯಿಯ ಮೇಲೆ ಬಹಳ ಗೌರವ.

ತೂಕ ನೋಡುವುದಕ್ಕೆ ತಕ್ಕಡಿ ಒಂದೇ ಸಾಲದು. ಆ ಕಡೆಯ ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ಅಷ್ಟರೊಳಗೆ ಬಂದರೆ ದುಡ್ಡೂ ಉಳಿಯುತ್ತದೆ. ಆದರೆ ತಕ್ಕಡಿಯ 7 ಬೇರೆ, ಬೆನ್ನಿನ 7 ಬೇರೆ. ನಮಗೆ ಚಾಮುಂಡಿ ಬೆಟ್ಟ ಇದೆಯಲ್ಲ. ಬ್ಯಾಗ್ ಪೂರ್ತಿ ಕಟ್ಟಿ, ನೀರಿನ ಬಾಟಲಿ ಸಮೇತ ಬೆನ್ನಿಗೇರಿಸಿ ಪಾದಕ್ಕೆ ಕರೆದುಕೊಂಡು ಹೋಗಿ. ದೊಡ್ಡ ದೇವರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು, ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರ ಪಕ್ಕದಲ್ಲೇ ಇವಳೂ ಹತ್ತಲಿ. ಮೊದಲ ನೂರು ಮೆಟ್ಟಿಲು ಏನೂ ಅನ್ನಿಸುವುದಿಲ್ಲ. ಆಮೇಲೆ ಭುಜದ ಪಟ್ಟಿ ಒತ್ತಲು ಶುರುಮಾಡುತ್ತದೆ. ಆಗ ಸೊಂಟದ ಬೆಲ್ಟ್ ಬಿಗಿ ಮಾಡಿಸಿ. ಭಾರ ಭುಜದಿಂದ ಸೊಂಟಕ್ಕೆ ಇಳಿಯಬೇಕು, ಇಳಿಯದಿದ್ದರೆ ಬ್ಯಾಗೇ ಅವಳ ಅಳತೆಯದಲ್ಲ, ಅಂಗಡಿಯಲ್ಲಿ ಬದಲಾಯಿಸಿ. ಹಿಂದಕ್ಕೆ ಎಳೆದ ಹಾಗೆ ಆದರೆ ಭಾರದ ಸಾಮಾನು ಹೊರಗಡೆ ಕೂತಿದೆ ಅಂತ ಅರ್ಥ. ಅದನ್ನು ಬೆನ್ನಿಗೆ ಅಂಟಿದ ಹಾಗೆ, ನಡುಮಟ್ಟದಲ್ಲಿ ಇಡಬೇಕು. ಸುಮಾರು ಏಳುನೂರನೇ ಮೆಟ್ಟಿಲಿಗೆ ನಂದಿ ಸಿಗುತ್ತಾನೆ. ಅಲ್ಲಿ ಕೂತು, ಉಸಿರು ತಹಬಂದಿಗೆ ಬಂದ ಮೇಲೆ ಬ್ಯಾಗ್ ಬಿಚ್ಚಲಿ. ಏನು ಬೇಕು, ಏನು ಬೇಡ ಅನ್ನುವುದು ಅವಳಿಗೇ ತಿಳಿಯುತ್ತದೆ, ನೀವೂ ನಾನೂ ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಡೋಣ, ನಾನೂ ಬರುತ್ತೇನೆ. ಒಂದೇ ಕೋರಿಕೆ ಅಕ್ಕ: ನಂದಿಯ ಹತ್ತಿರ ಅವಳು ಬೇಡ ಅಂತ ತೆಗೆದಿಟ್ಟದ್ದನ್ನು, ಮನೆಗೆ ಬಂದ ಮೇಲೆ ಅವಳಿಗೆ ಕಾಣದ ಹಾಗೆ ಮತ್ತೆ ಒಳಗಿಡಬೇಡಿ.