ಧೂಳ್ ಮಾಸ್ತರರ ಬಿಳಿ ಕಾರು

ಧೂಳ್ ಮಾಸ್ತರರ ಕಾರು ಹತ್ತುವುದಕ್ಕೆ ಒಂದು ವಿಧಿಯಿದೆ. ಮೊದಲು ಬಾಗಿಲು ತೆರೆದು, ಸೀಟಿನ ಅಂಚಿಗೆ ಕೂತು, ಎರಡೂ ಕಾಲು ಹೊರಗೇ ಇಟ್ಟುಕೊಳ್ಳಬೇಕು. ಚಪ್ಪಲಿಗಳನ್ನು ಒಂದಕ್ಕೊಂದು ಬಡಿದು ಝಾಡಿಸಬೇಕು. ಆಮೇಲೆ ಅವನ್ನು ಕಳಚಿ, ಮಾಸ್ತರರು ಚಾಚಿದ ಕ್ಯಾರಿಬ್ಯಾಗಿಗೆ ಹಾಕಿ, ಬಾಯಿಗೆ ಗಂಟು ಬಿಗಿದು, ಬರಿಗಾಲನ್ನು ಒಳಗೆಳೆದುಕೊಳ್ಳಬೇಕು. ಕೆಳಗೆ ರಬ್ಬರ್ ಮ್ಯಾಟು, ಅದರ ಮೇಲೆ ಹಳೇ ಪೇಪರು. ಪೇಪರು ಹರಿಯದ ಹಾಗೆ ಪಾದ ಊರಬೇಕು. ಸೀಟಿಗೆ ಶೋರೂಮಿನವರು ಹಾಕಿ ಕಳಿಸಿದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ. ಏಪ್ರಿಲ್ ಬಿಸಿಲಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂತವರು ಇಳಿಯುವ ಹೊತ್ತಿಗೆ ಅಂಗಿ ಹಿಂಡಿದರೆ ನೀರು ಬರುತ್ತದೆ. ಬೆವರು ಸೀಟಿಗೆ ತಾಗಲಿಲ್ಲವಲ್ಲ, ಅಷ್ಟು ಸಾಕು ಮಾಸ್ತರರಿಗೆ.

ಅವರದು ಸಂಡೂರು ಸೀಮೆ. ಹೊಸಪೇಟೆ ದಾಟಿ ಗುಡ್ಡಗಳು ಹತ್ತಿರವಾದಂತೆ ರಸ್ತೆಬದಿಯ ಬೇವಿನ ಮರ, ಮೈಲಿಗಲ್ಲು, ಚಹಾದಂಗಡಿಯ ತಗಡು, ಅದರ ನೆರಳಿಗೆ ಮಲಗಿದ ಎಮ್ಮೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಕಬ್ಬಿಣದ ಅದಿರಿನ ಬಣ್ಣ ಅದು. ಮುಖ್ಯ ರಸ್ತೆಗೆ ಡಾಂಬರಿದೆ. ಆದರೆ ಮಾಸ್ತರರ ಊರಿಗೆ ತಿರುಗಿಕೊಳ್ಳುವಲ್ಲಿ ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗುತ್ತದೆ. ಲಾರಿಗಳು ಓಡಾಡಿ ಓಡಾಡಿ ಆ ಮಣ್ಣು ನುಣ್ಣಗೆ ಅರೆದುಹೋಗಿದೆ. ಕಾಲಿಟ್ಟರೆ ಹಿಮ್ಮಡಿ ಮುಚ್ಚುತ್ತದೆ. ಇಂಥ ಸೀಮೆಯಲ್ಲಿ ಬಿಳಿ ಕಾರು ಕೊಂಡವರೆಲ್ಲ ತಿಂಗಳೊಪ್ಪತ್ತಿನಲ್ಲಿ ತಮ್ಮ ಕಾರಿಗೆ ಕಾವಿ ದೀಕ್ಷೆ ಆಯಿತೆಂದು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಮಾಸ್ತರರು ಮಾತ್ರ ಸಂಸಾರ ಬಿಡಲೊಲ್ಲರು.

ಅವರು ಬಿಳಿ ಕಾರು ಕೊಂಡದ್ದಕ್ಕೂ ಒಂದು ಲೆಕ್ಕಾಚಾರವಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಹಗಲೂ ರಾತ್ರಿ ಸಾಲುಗಟ್ಟುತ್ತಿದ್ದ ಅದಿರು ಲಾರಿಗಳು ನಿಂತಲ್ಲೇ ನಿಂತವು. ಲಾರಿಯವರು, ಕ್ಲೀನರುಗಳು, ಪಂಕ್ಚರ್ ಅಂಗಡಿಯವರು, ಖಾನಾವಳಿಯವರು ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತ ಆ ಕಾಲದಲ್ಲಿ, ಬೇವಿನ ಎಲೆ ಹಸಿರಾಗಿದ್ದನ್ನು ಗಮನಿಸಿದವರು ಇವರೊಬ್ಬರೇ ಇರಬೇಕು. ಇನ್ನು ಧೂಳಿನ ಕಾಲ ಮುಗಿಯಿತು ಎಂದುಕೊಂಡು ಬಿಳಿ ಕಾರು ಬುಕ್ ಮಾಡಿದರು. ಆಮೇಲೆ ಷರತ್ತಿನ ಮೇಲೆ ಗಣಿಗಳು ಒಂದೊಂದಾಗಿ ಬಾಗಿಲು ತೆರೆದವು. ಕೋರ್ಟಿನ ಆ ತೀರ್ಮಾನದ ಬಗ್ಗೆ ಮಾಸ್ತರರನ್ನು ಕೇಳಬಾರದು. ಕೇಳಿದರೆ ಒಂದು ತಾಸು ಹೋಯಿತು.

ಕಾರಿನ ಸೇವೆಗೆ ಮೂರು ಅರಿವೆಗಳಿವೆ. ಗಾಜಿಗೆ ಹಳದಿಯದು, ಡ್ಯಾಶ್‌ಬೋರ್ಡಿಗೆ ಹಳೇ ಪಂಚೆಯ ತುಂಡು, ಮೈಗೆ ಬನೀನು. ಒಂದರ ಕೆಲಸಕ್ಕೆ ಇನ್ನೊಂದು ಮುಟ್ಟಿದವರಿಗೆ ಆ ದಿನ ಚಹಾ ಸಿಗುವುದಿಲ್ಲ. ಬೆಳಿಗ್ಗೆ ಎದ್ದವರೇ ಬನೀನು ಹಿಡಿದು ಬಾನೆಟ್ಟನ್ನು ಒಣಗಿದ್ದಂತೆಯೇ ಗಸಗಸ ಉಜ್ಜುತ್ತಾರೆ. ಅದಿರಿನ ಪುಡಿ ಗಡಸು, ಒಣಗಿದ್ದಾಗ ಉಜ್ಜಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಮೊದಲು ನೀರು ಬಿಟ್ಟು ಇಳಿಸಿ, ಆಮೇಲೆ ಒರೆಸಬೇಕು. ಪಕ್ಕದ ಮನೆಯವರ ಕಾರು ಯುಗಾದಿಗೊಮ್ಮೆ ಮಾತ್ರ ಸ್ನಾನ ಕಾಣುವಂಥದ್ದು. ಇವೆರಡನ್ನೂ ಬಿಸಿಲಿಗೆ ನಿಲ್ಲಿಸಿ ನೋಡಿ. ಪಕ್ಕದವರದು ಕೊಳೆಯಾಗಿದೆ, ಅಷ್ಟೆ. ಮಾಸ್ತರರದು ಸವೆದಿದೆ.

ಆಯುಧ ಪೂಜೆ ಬಂತೆಂದರೆ ಅವರಿಗೆ ಎದೆ ಡವಗುಟ್ಟುತ್ತದೆ. ಬಾನೆಟ್ಟಿಗೆ ವಿಭೂತಿ ಪಟ್ಟೆ ಎಳೆಯುವಂತಿಲ್ಲ. ಸ್ಟಿಕರಿನದೇ ಇದೆ, ಅದನ್ನು ಅಂಟಿಸಿ, ಸಂಜೆ ಕಿತ್ತು, ಮುಂದಿನ ವರ್ಷಕ್ಕೆ ಎತ್ತಿಡುತ್ತಾರೆ. ಕುಂಬಳಕಾಯಿ ಒಡೆಯುವುದು ಎದುರು ಮನೆಯ ಮುಂದೆ. ಕುಂಕುಮದ ನೀರು ಹಾರೀತೆಂದು ಚಕ್ರಗಳಿಗೂ ಚೀಲ ಕಟ್ಟಿರುತ್ತಾರೆ. ಅವರ ಮನೆಯವರು ಒಮ್ಮೆ ಬೇಸತ್ತು, "ರೀ, ದೇವರಿಗೂ ಕಾಲು ತೊಳ್ಕೊಂಡು ಬಾ ಅಂತ ಹೇಳಿಬಿಡ್ರಿ" ಅಂದರಂತೆ.

ಇಷ್ಟೆಲ್ಲ ಮಾಡಿದರೂ ಧೂಳು ಒಳಗೆ ಬರುತ್ತಿತ್ತು. ಎಲ್ಲಿಂದ ಎಂಬುದೇ ತಿಳಿಯದು. ನಾಲ್ಕೂ ಗಾಜು ಏರಿಸಿ, ಎಸಿಯಲ್ಲಿ ಹೊರಗಿನ ಗಾಳಿಯ ದಾರಿ ಬಂದ್ ಮಾಡಿ, ಸಂದು ಕಂಡಲ್ಲೆಲ್ಲ ಬನೀನಿನ ಚೂರು ತುರುಕಿ, ಉಸಿರು ಬಿಗಿಹಿಡಿದು ಗಾಡಿ ಓಡಿಸುತ್ತಿದ್ದರು. ಆದರೂ ಡಿಕ್ಕಿ ತೆರೆದರೆ ಸ್ಟೆಪ್ನಿಯ ಮೇಲೆ ಕೆಂಪು ಪದರ.

ಅವರ ಬಂಧುಗಳ ಮನೆಯ ನಿಶ್ಚಿತಾರ್ಥಕ್ಕೆ ಹೊರಟ ದಿನ ಆ ಕಾರಿನಲ್ಲಿ ನಾನೂ ಇದ್ದೆ. ಡಿಕ್ಕಿಯಲ್ಲಿ ಹುಡುಗಿಗೆ ಉಡಿಸಬೇಕಾದ ಸೀರೆ, ಹಣ್ಣಿನ ತಟ್ಟೆಗಳು. ಮುಂದೆ ಲಾರಿಯೊಂದು ಹೋಯಿತು. ಧೂಳು ಕೂರಲಿ ಎಂದು ಮಾಸ್ತರರು ಬೇವಿನ ಕೆಳಗೆ ನಿಲ್ಲಿಸಿದರು. ಕೂರುವಷ್ಟರಲ್ಲಿ ಇನ್ನೊಂದು ಲಾರಿ. ಮತ್ತೆ ನಿಂತೆವು. ಅಷ್ಟರಲ್ಲಿ ದಾರಿಗೆ ನೀರು ಹೊಡೆಯುವ ಟ್ಯಾಂಕರು ಕಂಡಿತು. ಮಾಸ್ತರರ ಮುಖದಲ್ಲಿ ಅಂಥ ಕಳೆ ನಾನು ಹಿಂದೆಂದೂ ಕಂಡಿರಲಿಲ್ಲ. ಟ್ಯಾಂಕರಿನ ಬೆನ್ನು ಹಿಡಿದರು. ಅದು ಆಳು ನಡೆದಷ್ಟೇ ವೇಗದಲ್ಲಿ ಹೋಗುತ್ತಿತ್ತು, ನಾವೂ ಹೋದೆವು. ಎಮ್ಮೆಯೊಂದು ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು.

"ಭಾವ, ಮುಹೂರ್ತ ಮೀರತೈತ್ರಿ" ಎಂದು ಹಿಂದಿನ ಸೀಟಿನಿಂದ ಅವರ ಭಾವಮೈದುನ ಗೋಗರೆದ.

"ಮುಹೂರ್ತ ಇನ್ನೊಂದು ಸಿಗತದಪ್ಪ. ಟ್ಯಾಂಕರ್ ಸಿಗಂಗಿಲ್ಲ."

ಮಾಸ್ತರರು ಒಂದು ಸಂಗತಿ ಮರೆತಿದ್ದರು. ಅದಿರಿನ ಪುಡಿಗೆ ನೀರು ಬಿದ್ದರೆ ಅದು ರಾಡಿಯಾಗುತ್ತದೆ. ಎದುರಿನಿಂದ ಬಂದ ಲಾರಿ ಟ್ಯಾಂಕರಿಗೆ ದಾರಿ ಕೊಡಲು ಪಕ್ಕಕ್ಕೆ ಇಳಿದು, ಒಂದು ತಗ್ಗಿನಲ್ಲಿ ಚಕ್ರ ಹಾಕಿತು, ಅಷ್ಟೆ. ನಮ್ಮ ಬಲಗಡೆಯ ಗಾಜುಗಳಲ್ಲಿ ಹೊರಗಿನ ಲೋಕ ಕಾಣದಾಯಿತು. ಮಾಸ್ತರರು ವೈಪರ್ ಹಾಕಿದರು. ಅದು ರಾಡಿಯನ್ನು ಈ ಕಡೆಯಿಂದ ಆ ಕಡೆಗೆ ಸಾರಿಸಿತು. ನಿಶ್ಚಿತಾರ್ಥದ ಮನೆಯಲ್ಲಿ ಡಿಕ್ಕಿ ತೆರೆದರೆ ಸೀರೆಯ ಡಬ್ಬಿಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು. ಬೀಗರ ಮನೆಯ ಹುಡುಗನೊಬ್ಬ ಬರೆದೂ ಬಿಟ್ಟ.

ಆ ಸಿಟ್ಟಿನಲ್ಲಿ ಮರುದಿನವೇ ಗ್ಯಾರೇಜಿಗೆ ಹೋದರು. ಗ್ಯಾರೇಜಿನವನು ಅವರ ಹಳೇ ಶಿಷ್ಯ. ಮಾಸ್ತರರು ನಿವೃತ್ತರಾಗುವ ತನಕ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಶಿಷ್ಯ ಹತ್ತು ರೂಪಾಯಿ ನೋಟೊಂದನ್ನು ಡಿಕ್ಕಿಯ ಬಾಗಿಲಿಗೆ ಸಿಕ್ಕಿಸಿ, ಮುಚ್ಚಿ, ಎಳೆದ. ನೋಟು ಸಲೀಸಾಗಿ ಈಚೆ ಬಂತು. "ನೋಡ್ರಿ ಸರ್, ಬೀಡಿಂಗ್ ಸತ್ತದ. ರಬ್ಬರ್ ಬಿಗಿ ಇದ್ರ ನೋಟು ಹಿಂಗ ಬರಂಗಿಲ್ಲ" ಅಂದ. ಬಾಗಿಲಿನ ಸುತ್ತ ಒಂದೊಂದು ಗೇಣಿಗೂ ನೋಟು ಇಟ್ಟು ಎಳೆದು ತೋರಿಸಿದ. ಹಿಂದಿನ ದೀಪದ ಗ್ಯಾಸ್ಕೆಟ್ಟು, ಸ್ಟೆಪ್ನಿ ಕೆಳಗಿನ ತೂತಿನ ರಬ್ಬರ್ ಬಿರಡೆ ಎರಡೂ ಕಳಚಿದ್ದವು. ಮಾಸ್ತರರು ಎಲ್ಲವನ್ನೂ ನೋಡಿ, ನೋಟನ್ನು ಇಸಿದುಕೊಂಡು ಜೇಬಿಗಿಟ್ಟರು. ಅದು ಶಿಷ್ಯನ ನೋಟು.

ಆಮೇಲೆ ಬಂತು ನಿಜವಾದ ಜಗಳ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರಗಳು ಎಬ್ಬಿಸಿದ ಧೂಳು ಅಲ್ಲಿ ಸುಳಿ ತಿರುಗಿ ಹಿಂದಿನ ಗಾಜಿಗೂ ಡಿಕ್ಕಿಗೂ ಬಂದು ಬಡಿಯುತ್ತದೆ. ಹೊರಗಿನ ಗಾಳಿಯ ದಾರಿ ಮುಚ್ಚಿಬಿಟ್ಟರೆ ಕಾರಿನೊಳಗಿನ ಒತ್ತಡವೂ ಕುಗ್ಗಿ, ಸಂದು ಸಿಕ್ಕಲ್ಲೆಲ್ಲ ಆ ಧೂಳನ್ನೇ ಒಳಗೆಳೆಯುತ್ತದೆ. ಅದರ ಬದಲು ಹೊರಗಿನ ಗಾಳಿಯ ದಾರಿ ತೆರೆದು, ಗಾಜು ಪೂರ್ತಿ ಏರಿಸಿ, ಫ್ಯಾನು ಜೋರು ಮಾಡಿದರೆ ಮುಂದಿನಿಂದ ಫಿಲ್ಟರಿನ ಮೂಲಕ ಸೋಸಿಕೊಂಡು ಗಾಳಿ ಒಳಗೆ ತುಂಬುತ್ತದೆ. ಒಳಗಿನ ಒತ್ತಡ ಒಂಚೂರು ಹೆಚ್ಚಾಗಿ, ಸಂದುಗಳಿಂದ ಗಾಳಿ ಹೊರಕ್ಕೆ ನುಗ್ಗುತ್ತದೆ. ಎದುರು ಬರುವ ಧೂಳಿಗೆ ದಾರಿಯಿಲ್ಲ. ಶಿಷ್ಯ ಇದನ್ನೆಲ್ಲ ಕೈ ಆಡಿಸಿ ಆಡಿಸಿ ಹೇಳಿದ.

"ಧೂಳು ಬರಬಾರದು ಅಂದ್ರ ಬಾಗಿಲು ತಗಿ ಅಂತೀಯೇನೋ?"

"ಸರ್, ಗಾಳಿ ಹೆಚ್ಚು ಒತ್ತಡ ಇದ್ದಲ್ಲಿಂದ ಕಡಿಮೆ ಒತ್ತಡ ಇದ್ದಲ್ಲಿಗೆ ಹೋಗತದ. ನೀವೇ ಹೇಳಿಕೊಟ್ಟದ್ದು, ಎಂಟನೇತ್ತದಾಗ."

"ಅದು ಪರೀಕ್ಷೆಗೆ ಹೇಳಿದ್ದಲೇ."

ಶಿಷ್ಯ ಮತ್ತೆ ಮಾತಾಡಲಿಲ್ಲ. ಹೊಸ ಬೀಡಿಂಗ್ ಕೂರಿಸಿದ, ಬಿರಡೆ ಹಾಕಿದ. ಗ್ಲವ್ ಬಾಕ್ಸಿನ ಹಿಂದಿನಿಂದ ಎಸಿ ಫಿಲ್ಟರ್ ಎಳೆದು ನೆಲಕ್ಕೆ ಕುಟ್ಟಿದ. ಒಂದು ಹಿಡಿ ಅದಿರು ಉದುರಿತು. ಮಾಸ್ತರರು ಆ ಹಿಡಿಯನ್ನು ಹೊತ್ತುಕೊಂಡು ಇಷ್ಟು ವರ್ಷ ಓಡಾಡಿದೆನಲ್ಲ ಎಂಬಂತೆ ನೋಡಿ, ಬಿಲ್ಲು ಕೊಟ್ಟು ಬಂದರು. ಗಾಳಿಯ ದಾರಿ ಇಂದಿಗೂ ಬಂದ್.

ಅವರನ್ನು ಕಂಡು ನಗುವವರಲ್ಲಿ ನಾನೂ ಒಬ್ಬ. ಆದರೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಧೂಳು ಏಳಬಾರದೆಂದು ಮಾಸ್ತರರು ಆ ಮಣ್ಣಿನ ದಾರಿಯಲ್ಲಿ ಇಪ್ಪತ್ತರ ಮೇಲೆ ಮುಳ್ಳು ಏರಿಸುವುದಿಲ್ಲ. ಶಾಲೆಗೆ ಹೋಗುವ ಮಕ್ಕಳು, ತಲೆ ಮೇಲೆ ಬುತ್ತಿಗಂಟು ಹೊತ್ತು ಹೊಲಕ್ಕೆ ಹೋಗುವ ಹೆಂಗಸರು ಉಳಿದ ಗಾಡಿಗಳ ಸದ್ದು ಕೇಳಿದರೆ ಸೆರಗು ಬಾಯಿಗೆ ಹಿಡಿದು ರಸ್ತೆ ಬಿಟ್ಟು ಇಳಿಯುತ್ತಾರೆ. ಮಾಸ್ತರರ ಕಾರು ಬಂದರೆ ಇಳಿಯುವುದಿಲ್ಲ. ಏರಿಸಿಕೊಳ್ಳಲು ಗಾಜಿಲ್ಲದವರ ಮೇಲೆ ಧೂಳು ಎರಚದ ಕಾರು ಆ ದಾರಿಯಲ್ಲಿ ಅದೊಂದೇ. ಅವರು ಅದನ್ನು ಉಪಕಾರವೆಂದು ಮಾಡುತ್ತಿಲ್ಲ, ಬಾನೆಟ್ಟಿನ ಮೇಲಿನ ಮಮತೆಯಿಂದ ಮಾಡುತ್ತಾರೆ. ಆದರೂ ಫಲ ಒಂದೇ.

ಆ ಕಡೆ ನಿಮ್ಮದೇ ಗಾಡಿಯಲ್ಲಿ ಹೋಗುವವರಿದ್ದರೆ ಲಾರಿಯ ಬೆನ್ನಿಗೆ ಅಂಟಿಕೊಳ್ಳಬೇಡಿ, ಗಾಜು ಪೂರ್ತಿ ಏರಿಸಿ, ಹೊರಗಿನ ಗಾಳಿ ತೆರೆದಿಟ್ಟು ಫ್ಯಾನು ಜೋರು ಮಾಡಿ, ನಿಧಾನ ಹೋಗಿ. ಮಾಸ್ತರರ ಗಾಡಿಯಲ್ಲಿ ಹೋಗುವವರಿದ್ದರೆ ಕ್ಯಾರಿಬ್ಯಾಗು ನೀವೇ ತನ್ನಿ, ಈಚೆಗೆ ಅವರು ಅದಕ್ಕೂ ಕಾಸು ಕೇಳುತ್ತಿದ್ದಾರೆ.