ಇಡ್ಲಿ ತಟ್ಟೆಯಲ್ಲಿ ಐಸು

ಹಾಸನವನ್ನು ಬಡವರ ಊಟಿ ಅನ್ನುತ್ತಾರೆ. ಬಡವರು ಅನ್ನುವ ಅರ್ಧಕ್ಕೆ ಮುನಿಸಿಕೊಂಡು, ಊಟಿ ಅನ್ನುವ ಅರ್ಧಕ್ಕೆ ಉಬ್ಬಿ, ಒಟ್ಟಾರೆ ನಷ್ಟವೇನಿಲ್ಲ ಎಂದು ಲೆಕ್ಕ ಹಾಕಿ ನಮ್ಮವರು ಆ ಬಿರುದನ್ನು ಇಟ್ಟುಕೊಂಡಿದ್ದಾರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು. ಏಪ್ರಿಲ್ ತಿಂಗಳಲ್ಲೂ ಹೊಂಗೆ ಮರದ ಬುಡಕ್ಕೆ ಬಂದರೆ ಜೀವ ತಣ್ಣಗಾಗುತ್ತದೆ. ಬಾವಿ ನೀರು ಸೇದಿದ ತಕ್ಷಣ ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ಇಂಥ ಊರಿನವರಿಗೆ ಐಸು ಯಾಕೆ ಬೇಕು ಎಂದು ನಮ್ಮಜ್ಜಿ ಕೇಳುತ್ತಿದ್ದಳು. ಆ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರ ಕೊಡುತ್ತಿರಲಿಲ್ಲ. ಬೇಕು, ಅಷ್ಟೇ. ಅಗತ್ಯವೇ ಇಲ್ಲದ ಒಂದು ಪದಾರ್ಥವನ್ನು ತಯಾರಿಸುವುದಕ್ಕೆ ಅಡುಗೆಮನೆ, ಕೊಟ್ಟಿಗೆ, ಹಿತ್ತಿಲುಗಳ ಸಾಮಾನನ್ನೆಲ್ಲ ದುಡಿಸಿಕೊಳ್ಳುವುದರಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಹಂಚಿಹೋಗಿದ್ದ ನಮ್ಮ ನೆಂಟರಿಷ್ಟರನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ.

ಹಾಸನದ ಇಸ್ರೋ ಕೇಂದ್ರದಲ್ಲಿ ಕೂತವರು 1982ರಿಂದಲೇ 36,000 ಕಿಲೋಮೀಟರ್ ಎತ್ತರದ ಇನ್ಸಾಟ್ ಉಪಗ್ರಹಗಳಿಗೆ ಎಡಕ್ಕೆ ಹೊರಳು, ಬಲಕ್ಕೆ ಹೊರಳು ಎಂದು ಅಪ್ಪಣೆ ಕೊಡುತ್ತಿದ್ದರು. ಅದೇ ಊರಿನಲ್ಲಿ ರಾಮನವಮಿಯ ಪಾನಕಕ್ಕೆ ನಾಲ್ಕು ತುಂಡು ಐಸು ಬೇಕೆಂದರೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬೀದಿಯಲ್ಲಿದ್ದ ಒಂದೇ ಒಂದು ಫ್ರಿಜ್ಜಿನ ಮನೆ ಮುಂದೆ ನಿಲ್ಲಬೇಕಿತ್ತು. ಒಳಗೆ ಹೋದ ಕೂಡಲೇ ಐಸು ಕೇಳುವಂತಿಲ್ಲ. ಆ ಮನೆಯವರ ಮಗಳ ಪರೀಕ್ಷೆ ಹೇಗಾಯಿತು, ಅಜ್ಜನ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿ, ಕೊನೆಗೆ ಡಬ್ಬಿ ಈಗತಾನೇ ಕಣ್ಣಿಗೆ ಬಿತ್ತೇನೋ ಅನ್ನುವಂತೆ ಅದನ್ನು ನೋಡಿ, 'ಹಾಂ, ಅಮ್ಮ ಒಂಚೂರು ಐಸಿದ್ರೆ ಇಸ್ಕೊಂಡು ಬಾ ಅಂದ್ರು' ಅನ್ನಬೇಕು. ಆ ಫ್ರಿಜ್ಜಿನಲ್ಲಿ ಅವರ ಮನೆಯ ಸಾಮಾನಿಗಿಂತ ಬೀದಿಯವರ ಸಾಮಾನೇ ಹೆಚ್ಚಿರುತ್ತಿತ್ತು: ಒಬ್ಬರ ಇನ್ಸುಲಿನ್, ಮತ್ತೊಬ್ಬರ ಮೈಸೂರು ಮಲ್ಲಿಗೆ, ಇನ್ಯಾರದೋ ಹೆಪ್ಪು.

ನಮ್ಮ ಮನೆಗೂ ಫ್ರಿಜ್ಜು ಬಂದಾಗ ಜೊತೆಯಲ್ಲೊಂದು ಪ್ಲಾಸ್ಟಿಕ್ ಐಸ್ ಟ್ರೇ ಬಂತು. ಆ ಟ್ರೇಗೆ ಆಯಸ್ಸು ಕಡಿಮೆ. ಐಸು ಬಿಡಿಸಲು ನಮ್ಮಪ್ಪ ಅದನ್ನು ಒದ್ದೆ ಪಂಚೆ ಹಿಂಡುವಂತೆ ಹಿಂಡಿದರು. ಅದು ಲಟಕ್ಕೆಂದು ಸೀಳಿ, ಬಡ್ತಿ ಪಡೆದು ಮೆಣಸಿನ ಸಸಿ ಹಾಕುವ ತಟ್ಟೆಯಾಯಿತು. ಇನ್ನೊಂದು ಟ್ರೇ ತರುವುದೆಂದರೆ ದುಡ್ಡು ಹಾಳು, ಮನೆಯಲ್ಲಿ ಗುಳಿಯಿರುವ ಪಾತ್ರೆಗೇನು ಬರವೇ ಎಂದು ಅಮ್ಮ ಇಡ್ಲಿ ಸ್ಟ್ಯಾಂಡು ಇಳಿಸಿದಳು. ನಡುವಿನ ಕಂಬಿ ಕಳಚಿ, ಒಂದು ತಟ್ಟೆಗೆ ನೀರು ಹುಯ್ದು, ತುಳುಕದಂತೆ ಉಸಿರು ಹಿಡಿದು ಫ್ರೀಜರಿಗೆ ಸೇರಿಸಿದ್ದಾಯಿತು. ಬೆಳಿಗ್ಗೆ ನಾಲ್ಕು ಇಡ್ಲಿ ಸಿಕ್ಕವು. ರೂಪದಲ್ಲಿ ಒಂದು ದೋಷವಿಲ್ಲ. ತೊಂದರೆ ಆಮೇಲೆ ತಿಳಿಯಿತು. ಇಡ್ಲಿ ಅಗಲ, ಲೋಟದ ಬಾಯಿ ಕಿರಿದು. ಐಸು ಪಾನಕದೊಳಕ್ಕೆ ಇಳಿಯದೆ ಲೋಟಕ್ಕೆ ಮುಚ್ಚಳದಂತೆ ಕೂತುಬಿಟ್ಟಿತು. ಬಂದ ನೆಂಟರು ಅದನ್ನು ಎತ್ತಿಟ್ಟು ಕುಡಿದು, ಮತ್ತೆ ಮುಚ್ಚಿ, 'ಚೆನ್ನಾಗಿದೆ, ನೊಣ ಬೀಳಲ್ಲ' ಅಂದರು.

ಮುಂದಿನ ಸರದಿ ಗುಳಿಯಪ್ಪದ ಕಾವಲಿಯದು. ಅಳತೆಗೆ ಅದನ್ನು ಮೀರಿಸುವ ಐಸ್ ಟ್ರೇ ಜಗತ್ತಿನಲ್ಲೇ ಇಲ್ಲ, ಗುಂಡಗೆ, ಲೋಟಕ್ಕೆ ಸಲೀಸಾಗಿ ಇಳಿಯುವ ಹಾಗಿದೆ. ಆದರೆ ಎರಕದ ಕಬ್ಬಿಣ ತಾನು ತಿಂದ ಎಣ್ಣೆಯನ್ನು ಮರೆಯುವ ಜಾತಿಯಲ್ಲ. ಆ ವರ್ಷದ ನಿಂಬೆ ಪಾನಕಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಪರಿಮಳ ಬಂತು. ಇದೇನು ಪಾನಕವೋ ತಿಳಿಸಾರೋ ಎಂದು ಅಪ್ಪ ಕೇಳಿದರು. ಸಾಲದ್ದಕ್ಕೆ ಕಾವಲಿಯ ತಳ ಫ್ರೀಜರಿನ ಹಿಮಕ್ಕೆ ಅಂಟಿಕೊಂಡು, ಬಿಸಿನೀರು ಹುಯ್ದು ಬಿಡಿಸುವವರೆಗೆ ಮನೆಯಲ್ಲಿ ಗುಳಿಯಪ್ಪವೂ ಬಂದ್. ಅತ್ತೆಯೊಬ್ಬರು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಕಂಠಮಟ್ಟ ನೀರು ತುಂಬಿ, ಮುಚ್ಚಳ ಬಿಗಿದು ಇಟ್ಟರು. ಹೆಪ್ಪುಗಟ್ಟುವಾಗ ನೀರು ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಯಾವ ಬಾಟಲಿಯ ಮುಲಾಜೂ ಅದಕ್ಕಿಲ್ಲ. ನಡುರಾತ್ರಿ ಫ್ರಿಜ್ಜಿನೊಳಗೆ ಪಟಾರ್ ಅಂದದ್ದಕ್ಕೆ ಕಳ್ಳ ಬಂದನೆಂದು ಮನೆಮಂದಿಯೆಲ್ಲ ಎದ್ದು ಕೂತರು.

ಕಡೆಗೆ ಗೆದ್ದದ್ದು ಹಾಲಿನ ಕವರು. ಮೂಲೆ ಕತ್ತರಿಸಿದ ಖಾಲಿ ಕವರನ್ನು ತೊಳೆದು, ನೀರು ತುಂಬಿ, ಮೂಲೆಗೆ ರಬ್ಬರ್ ಬ್ಯಾಂಡು ಸುತ್ತಿ ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ಕಲ್ಲುಗುಂಡು. ಬಾಗಿಲ ಮೆಟ್ಟಿಲ ಮೇಲಿಟ್ಟು ಕುಟ್ಟಾಣಿಯಿಂದ ಬಡಿಯಬೇಕು. ಇದರ ಅನನುಕೂಲ ಒಂದೇ, ಸದ್ದು. ಮೂರನೇ ಏಟಿಗೆ ಇಡೀ ಬೀದಿಗೆ ಸುದ್ದಿ ಮುಟ್ಟಿ, ಐದನೇ ಏಟಿಗೆ ಗೇಟಿನ ಹತ್ತಿರ ಸ್ಟೀಲ್ ಡಬ್ಬಿಗಳು ಕಾಣಿಸಿಕೊಳ್ಳುತ್ತಿದ್ದವು. ನಮ್ಮ ಅಜ್ಜನ ಮಂಡಿನೋವನ್ನು ಆ ಬೇಸಿಗೆ ಪೂರ್ತಿ ಎಲ್ಲರೂ ವಿಚಾರಿಸಿದರು.

ಇಷ್ಟೆಲ್ಲ ಆದದ್ದು ಕರೆಂಟಿದ್ದ ದಿನಗಳಲ್ಲಿ. ಇಲ್ಲದ ದಿನಗಳೇ ಹೆಚ್ಚು. ನೀರು ತಣ್ಣಗಾಗುವುದು ಬೇರೆ, ಐಸಾಗುವುದು ಬೇರೆ. 25 ಡಿಗ್ರಿಯಲ್ಲಿರುವ ಒಂದು ಗ್ರಾಂ ನೀರಿನಿಂದ 25 ಕ್ಯಾಲೊರಿ ಶಾಖ ಕಿತ್ತುಕೊಂಡರೆ ಅದು ಸೊನ್ನೆ ಡಿಗ್ರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಗಟ್ಟಿಯಾಗಲು ಇನ್ನೂ 80 ಕ್ಯಾಲೊರಿ ಕಿತ್ತುಕೊಳ್ಳಬೇಕು. ಅಂದರೆ ಕೆಲಸ ಮುಗಿಯಿತು ಅನ್ನಿಸುವ ಹೊತ್ತಿಗೆ ಮುಕ್ಕಾಲು ಪಾಲು ಉಳಿದಿರುತ್ತದೆ. ಸರಿಯಾಗಿ ಆ ಹೊತ್ತಿಗೇ ನಮ್ಮಲ್ಲಿ ಲೋಡ್ ಶೆಡ್ಡಿಂಗ್. ಬಾಗಿಲು ತೆಗೆದು ನೋಡಬೇಡಿ ಎಂದು ಅಮ್ಮ ಕೂಗುವುದು, ಇದ್ದಬದ್ದವರೆಲ್ಲ ಆಗಿದೆಯಾ ಎಂದು ತೆಗೆದು ನೋಡುವುದು.

ಹೊಳೆನರಸೀಪುರದ ಸೋದರಮಾವ ವಿಜ್ಞಾನದ ಮೇಷ್ಟ್ರು. ಅವರಿಗೆ ಫ್ರಿಜ್ಜೆಂದರೆ ತಾತ್ಸಾರ. ಮೊದಮೊದಲು ಹಾಸನದಿಂದ ಐಸಿನ ಗಡ್ಡೆ ಕೊಂಡು, ಭತ್ತದ ಹೊಟ್ಟು ಮೆತ್ತಿ, ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದರು. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಹತ್ತುವಾಗ ಕಂಡಕ್ಟರು ಲಗೇಜು ಅಂದದ್ದು ಇಳಿಯುವಾಗ ಒದ್ದೆ ಗೋಣಿ. ಚೀಲದ ಪಕ್ಕ ಕೂತವರ ಪಂಚೆಯೂ ಒದ್ದೆ, ಅದಕ್ಕೆ ಬೇರೆ ಜಗಳ. ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬಾತ 1833ರಲ್ಲಿ ಬಾಸ್ಟನ್ನಿನಿಂದ 180 ಟನ್ ಐಸನ್ನು ಹಡಗಿನಲ್ಲಿ ಹೇರಿ ಕಳಿಸಿದ, ನಾಲ್ಕು ತಿಂಗಳು ಸಮುದ್ರದಲ್ಲಿದ್ದು ಕಲ್ಕತ್ತ ಮುಟ್ಟಿದಾಗ ಅದರಲ್ಲಿ ಸುಮಾರು 100 ಟನ್ ಗಟ್ಟಿಯಾಗಿಯೇ ಉಳಿದಿತ್ತು ಎಂಬುದನ್ನು ಮಾವ ಎಲ್ಲಿಯೋ ಓದಿ ಬಹಳ ನೊಂದುಕೊಂಡರು. 'ಅವನಿಗೆ ದೊಡ್ಡಳ್ಳಿ ಸ್ಟಾಪ್ ಇರಲಿಲ್ಲ' ಎಂದು ಅತ್ತೆ ಸಮಾಧಾನ ಹೇಳಿದರು.

ಆಮೇಲೆ ಮಾವನಿಗೆ ಅಲಹಾಬಾದಿನ ಹುಚ್ಚು ಹಿಡಿಯಿತು. ಹದಿನೆಂಟನೇ ಶತಮಾನದಲ್ಲಿ ಅಲಹಾಬಾದಿನಲ್ಲಿ ಯಾವ ಯಂತ್ರವೂ ಇಲ್ಲದೆ ಐಸು ತೆಗೆಯುತ್ತಿದ್ದರು, ಅದನ್ನು ಕಣ್ಣಾರೆ ಕಂಡ ರಾಬರ್ಟ್ ಬಾರ್ಕರ್ ಎಂಬ ಅಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದೂ ಕಳಿಸಿದ್ದ. ಬಯಲಿನಲ್ಲಿ ಗುಂಡಿ ತೋಡಿ, ಕಬ್ಬಿನ ಸೋಗೆ, ಒಣಗಿದ ಜೋಳದ ದಂಟು ಹಾಸಿ, ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಚಳಿಗಾಲದ ರಾತ್ರಿ ಬಿಟ್ಟುಬಿಡುವುದು. ನೆಲದ ಕಾವು ಮೇಲೆ ಬಾರದಂತೆ ಸೋಗೆ ತಡೆಯುತ್ತದೆ, ನೀರಿನ ಕಾವು ನಿರ್ಮಲ ಆಕಾಶಕ್ಕೆ ಸೋರಿಹೋಗುತ್ತದೆ. ಗಾಳಿ ಇನ್ನೂ ಸೊನ್ನೆಗೆ ಇಳಿಯದಿದ್ದರೂ ತಟ್ಟೆಯಲ್ಲಿ ತೆಳ್ಳಗೆ ಐಸು ಕಟ್ಟುತ್ತದೆ. ಕಬ್ಬಿದೆ, ಜೋಳವಿದೆ, ಇನ್ನೇನು ಬೇಕು? ಮಣ್ಣಿನ ತಟ್ಟೆಯ ಬದಲು ಅತ್ತೆಯ ದೀಪಾವಳಿ ಹಣತೆಗಳೆಲ್ಲ ತಾರಸಿ ಹತ್ತಿದವು. ಜನವರಿಯ ರಾತ್ರಿ, ಕಂಬಳಿ ಹೊದ್ದು ಮಾವ ಕಾವಲು ಕೂತರು. ಅಲಹಾಬಾದಿನ ಚಳಿಗಾಲದ ಗಾಳಿ ಒಣಗಾಳಿ. ನರಸೀಪುರದಲ್ಲಿ ಮಗ್ಗುಲಲ್ಲೇ ಹೇಮಾವತಿ, ಮೇಲಿನ ಗೊರೂರಿನಲ್ಲಿ ಅಣೆಕಟ್ಟು, ಸುತ್ತ ಗದ್ದೆ. ತೇವದ ಗಾಳಿ ಆಕಾಶಕ್ಕೂ ಭೂಮಿಗೂ ನಡುವೆ ಹೊದಿಕೆ ಹಾಸಿದಂತೆ, ಕಾವನ್ನು ಬಿಟ್ಟುಕೊಡುವುದಿಲ್ಲ. ಬೆಳಗಿನ ಜಾವ ಹಣತೆಗಳಲ್ಲಿ ನೀರು ಇಟ್ಟದ್ದಕ್ಕಿಂತ ಒಂದು ಗೆರೆ ಜಾಸ್ತಿಯಾಗಿತ್ತು. ಇಬ್ಬನಿ. ಐಸಾಗದಿದ್ದರೂ ನೀರು ಉತ್ಪಾದನೆಯಾಯಿತು ಎಂದು ಮಾವ ನೆಗಡಿಯ ಮೂಗಿನಲ್ಲೇ ಹೇಳಿಕೊಂಡು ತಿರುಗಿದರು.

ಅರಕಲಗೂಡಿನ ಚಿಕ್ಕಪ್ಪನದು ರೈತನ ಬುದ್ಧಿ. ಮುಸುಕಿನ ಜೋಳಕ್ಕೆ ಸಿಂಪಡಿಸಲು ಯೂರಿಯಾ ಕಲಸುವಾಗ ಬಕೆಟ್ಟು ತಣ್ಣಗೆ ಕೊರೆಯುವುದು ಅವರ ಕೈಗೆ ಎಂದೋ ಗೊತ್ತು. ಕರಗುವ ಯೂರಿಯಾ ಸುತ್ತಲಿನ ನೀರಿನಿಂದ ಶಾಖ ಹೀರಿಕೊಳ್ಳುತ್ತದೆ. ಅಕ್ಬರ್ ಬಾದಶಹನ ಕಾಲದಲ್ಲೂ ಇದೇ ಉಪಾಯ, ಯೂರಿಯಾ ಬದಲು ಮದ್ದಿಗೆ ಹಾಕುವ ಪೆಟ್ಲುಪ್ಪು. ನೀರಿಗೆ ಪೆಟ್ಲುಪ್ಪು ಕದಡಿ ಅದರಲ್ಲಿ ಕುಡಿಯುವ ನೀರಿನ ಹೂಜಿಯನ್ನು ಆಡಿಸುತ್ತಿದ್ದರೆಂದು ಅಬುಲ್ ಫಜಲ್ 'ಆಯಿನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಅತ್ತ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ತುರುಕುತ್ತ ಒಂದು ಕಣ್ಣಿಟ್ಟು, ಇತ್ತ ಚಿಕ್ಕಪ್ಪ ಬಾದಶಹರಂತೆ ಕೂತು ಬಕೆಟ್ಟಿಗೆ ಬೊಗಸೆ ಬೊಗಸೆ ಯೂರಿಯಾ ಸುರಿದು, ನಡುವೆ ಮುಚ್ಚಳದ ತಂಬಿಗೆ ಇಳಿಸಿ ತಿರುಗಿಸಿದರು. ಬಕೆಟ್ಟಿನ ಹೊರಮೈ ಬೆವರಿತು. ತಂಬಿಗೆಯ ನೀರು ಗಂಟಲು ಕಟ್ಟುವಷ್ಟು ತಣ್ಣಗಾಯಿತು. ಐಸು ಮಾತ್ರ ಆಗಲಿಲ್ಲ, ಆ 80 ಕ್ಯಾಲೊರಿ ಅಡ್ಡ ನಿಂತಿತು. ಯೂರಿಯಾ ನೀರು ಕುಡಿದರೆ ದನ ಉಳಿಯುವುದಿಲ್ಲವಾದ್ದರಿಂದ ಚಿಕ್ಕಮ್ಮ ಬಕೆಟ್ಟನ್ನು ಕೊಟ್ಟಿಗೆಯ ಹತ್ತಿರವೂ ಬಿಡದೆ ಜೋಳದ ಹೊಲಕ್ಕೆ ಸಾಗಿಸಿದಳು. 'ಒಂದ್ ಲೋಟ ನೀರಿಗೆ ಅರ್ಧ ಮೂಟೆ ಗೊಬ್ಬರ ಕರಗಿಸ್ದಲ್ಲ, ಆ ಅಕ್ಬರನಿಗೆ ಸೊಸೈಟಿ ಸಾಲ ಇರ್ಲಿಲ್ಲ ಕಣಪ್ಪ' ಎಂದು ಅಜ್ಜಿ ಅಲ್ಲೂ ಒಂದು ಮಾತು ಸೇರಿಸಿದಳು.

ತಮಾಷೆಯೆಂದರೆ ಭಯಂಕರ ತಣ್ಣನೆಯ ಪದಾರ್ಥವೊಂದು ಚಿಕ್ಕಪ್ಪನ ಹಳ್ಳಿಯ ಬೀದಿಯಲ್ಲೇ ಮೋಟರ್ ಬೈಕಿನ ಹಿಂದೆ ಕೂತು ಓಡಾಡುತ್ತಿತ್ತು. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ಬರುವವರ ದ್ರವ ನೈಟ್ರೋಜನ್ ಕ್ಯಾನು. ಒಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅಂಟಾರ್ಕ್ಟಿಕಾ ಕೂಡ ಅದರ ಮುಂದೆ ಬಚ್ಚಲು ಒಲೆ. ಮುಚ್ಚಳ ಎತ್ತಿದರೆ ಬಿಳೀ ಹೊಗೆ ಕ್ಯಾನಿನ ಕತ್ತಿನಿಂದ ಉಕ್ಕಿ, ಮೇಲೇರದೆ ನೆಲಕ್ಕೆ ಇಳಿದು ಹರಿಯುತ್ತಿತ್ತು. ಚಿಮಟದಲ್ಲಿ ಕಡ್ಡಿ ಎತ್ತಿ, ಉಗುರುಬೆಚ್ಚಗಿನ ನೀರಿಗೆ ಹಾಕಿ, ಅವರು ಹಸುವಿನ ಕಡೆ ತಿರುಗುವಷ್ಟರಲ್ಲಿ ನಾವೆಲ್ಲ ಲೋಟ ಹಿಡಿದು ಸಾಲು ನಿಂತಿರುತ್ತಿದ್ದೆವು. 'ಸಾರ್, ಒಂದೇ ಒಂದು ಚಮಚ.' ಅವರು ಕರಗಲಿಲ್ಲ. ಕ್ಯಾನಿಗೆ ಅಳತೆಕೋಲು ಅದ್ದಿ ಮಟ್ಟ ನೋಡುತ್ತಾರೆ, ಲೆಕ್ಕ ಕೊಡಬೇಕು, ಕೈ ಸುಟ್ಟುಹೋಗುತ್ತದೆ, ನಡೀರಿ ಅಂದರು. ಬಹಳ ಕಾಡಿದ್ದಕ್ಕೆ ಒಮ್ಮೆ ದಾಸವಾಳದ ಹೂವೊಂದನ್ನು ಅದ್ದಿ ತೆಗೆದು ಕಲ್ಲಿನ ಮೇಲೆ ಬಿಟ್ಟರು. ಹೂವು ಹಪ್ಪಳದಂತೆ ಚೂರಾಯಿತು. ಚೂರನ್ನು ಬಾಯಿಗೆ ಹಾಕಿಕೊಳ್ಳಲು ಹೊರಟವನ ಕೈಗೆ ಏಟು ಬಿತ್ತು. ಒಟ್ಟಿನಲ್ಲಿ ಅರಕಲಗೂಡು ಸೀಮೆಯಲ್ಲಿ ಆ ಚಳಿಯ ಪೂರ್ತಿ ಪ್ರಯೋಜನ ಪಡೆದದ್ದು ನಮ್ಮ ಚಿಕ್ಕಪ್ಪನ ಮಿಶ್ರತಳಿ ಹಸು ಒಂದೇ.

ಇನ್ನು ಚನ್ನರಾಯಪಟ್ಟಣದ ಅತ್ತೆ. ತೆಂಗಿನ ಸೀಮೆ, ಮನೆಯಲ್ಲಿ ಕೈ ಹಾಕಿದಲ್ಲೆಲ್ಲ ಕರಟ. ಆಕೆ ಪ್ರಯೋಗ ಗೀಯೋಗ ಎಂದು ಹೇಳಿಕೊಳ್ಳದೆ ಸದ್ದಿಲ್ಲದೆ ಐಸು ಮಾಡುತ್ತಿದ್ದಳು. ಕಾಯಿ ಒಡೆದರೆ ಎರಡು ಹೋಳು, ಒಂದಕ್ಕೆ ಕಣ್ಣಿದೆ, ಇನ್ನೊಂದಕ್ಕಿಲ್ಲ. ಮೂರು ಕಣ್ಣಿನಲ್ಲಿ ಒಂದು ಯಾವತ್ತೂ ಮೆದು, ನೀರು ನಿಲ್ಲುವುದಿಲ್ಲ. ಆದ್ದರಿಂದ ಕಣ್ಣಿಲ್ಲದ ಹೋಳನ್ನೇ ಆರಿಸಿ, ನಾರು ಹೆರೆದು, ಗಾಜಿನ ಚೂರಿನಿಂದ ಒಳಮೈ ನುಣ್ಣಗೆ ಕೆರೆದು, ಬೆಲ್ಲ ಏಲಕ್ಕಿಯ ನೀರು ತುಂಬಿ ಫ್ರೀಜರಿನಲ್ಲಿ ಉದ್ದಿನಕಾಳಿನ ಡಬ್ಬಿಯ ಮುಚ್ಚಳದ ಮೇಲೆ ಕೂರಿಸುತ್ತಿದ್ದಳು, ಅಲುಗಬಾರದಲ್ಲ. ಕಡ್ಡಿಗೆ ಗರಿಕಡ್ಡಿ. ನಾಲಿಗೆಗೆ ಬೆಲ್ಲ, ಮೂಗಿಗೆ ಕಾಯಿ. ಅಂಗಡಿಯಲ್ಲಿ ಸಿಗುವ ಯಾವ ಐಸ್ ಕ್ಯಾಂಡಿಯನ್ನೂ ನಾನು ಅದರ ಪಕ್ಕ ಕೂರಿಸಲಾರೆ.

ಗರಿಕಡ್ಡಿ ಚುಚ್ಚದೆ ಬೋರಲು ಹಾಕಿದರೆ ತಟ್ಟೆಯ ಮೇಲೆ ಸಾಕ್ಷಾತ್ ಇಂದ್ರಗಿರಿ, ಶ್ರವಣಬೆಳಗೊಳದ ಬೋಳುಬಂಡೆ. 1993ರ ಡಿಸೆಂಬರಿನಲ್ಲಷ್ಟೇ ಮಹಾಮಸ್ತಕಾಭಿಷೇಕ ಮುಗಿದಿತ್ತು. 58 ಅಡಿಯ ಮೂರ್ತಿಯ ನೆತ್ತಿಯಿಂದ ಹಾಲು, ಅರಿಶಿನ, ಚಂದನ ಇಳಿಯುವುದನ್ನು ನಾವು ಮಕ್ಕಳೆಲ್ಲ ದೊಡ್ಡವರ ಹೆಗಲ ಮೇಲಿಂದ ನೋಡಿ ಬಂದಿದ್ದೆವು. ಅದರ ಮುಂದಿನ ಬೇಸಿಗೆ ರಜದಲ್ಲಿ ಅತ್ತೆಯ ಮನೆಯ ಜಗಲಿಯಲ್ಲಿ ಐಸಿನ ಬೆಟ್ಟದ ತುದಿಗೆ ಒಂದು ಲವಂಗ ನಿಲ್ಲಿಸಿ, ನಮ್ಮದೇ ಅಭಿಷೇಕ ಶುರುವಾಯಿತು. ಮೊದಲು ಚಮಚದಲ್ಲಿ ಹಾಲು, ಆಮೇಲೆ ಅರಿಶಿನದ ನೀರು, ಆಮೇಲೆ ಯಾರೋ ಉತ್ಸಾಹದಲ್ಲಿ ಬಿಸಿ ಕಾಫಿ. ಬೆಟ್ಟ ನಡುವೆ ಸೀಳಿತು. ಸಾವಿರ ವರ್ಷ ಗಟ್ಟಿಯಾಗಿ ನಿಲ್ಲಬೇಕಾದ ಲವಂಗ ತಟ್ಟೆಯಲ್ಲಿ ತೇಲಿ ಬಂತು. ಕಾಫಿ ಸುರಿದವನ ಮೇಲೆ ಉಳಿದವರೆಲ್ಲ ಬಿದ್ದರು. ಗಲಾಟೆ ಕೇಳಿ ಅತ್ತೆ ಒಳಗಿನಿಂದ ಬಂದು ತಟ್ಟೆ ನೋಡಿದಳು.

'ಅತ್ತೆ, ಮುಂದಿನ ಅಭಿಷೇಕ ಹನ್ನೆರಡು ವರ್ಷಕ್ಕಾ?' ಎಂದು ಚಿಕ್ಕವನು ಅಳು ಮೋರೆಯಲ್ಲಿ ಕೇಳಿದ.

ಅತ್ತೆ ಜಗಲಿಯ ಬಲ್ಬಿನ ಸ್ವಿಚ್ಚು ಒತ್ತಿ ನೋಡಿ, 'ಕರೆಂಟು ಬಂದ್ರೆ ನಾಳೆನೇ' ಅಂದಳು.